ಹಳೆ ಮದರ್‌ಬೋರ್ಡ್, ಹೊಸ ಪ್ರೊಸೆಸರ್: ಏನು ಕೂರುತ್ತದೆ, ಎಷ್ಟು ಓಡುತ್ತದೆ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲವನ್ನು ನಿಲ್ಲಿಸಿತು. ಆವಾಗಿನಿಂದ ಪರಿಚಯದವರು ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ. "ಕಂಪ್ಯೂಟರ್ ಚೆನ್ನಾಗೇ ಇದೆ. ಆದ್ರೆ ವಿಂಡೋಸ್ 11 ಹಾಕೋಕೆ ಹೋದ್ರೆ ಈ ಪ್ರೊಸೆಸರ್ ಆಗಲ್ಲ ಅನ್ನುತ್ತೆ. ಪೂರ್ತಿ ಹೊಸದೇ ತಗೋಬೇಕಾ?"

ಎಲ್ಲರೂ ತಗೋಬೇಕಾಗಿಲ್ಲ. ವಿಂಡೋಸ್ 11 ಕೇಳುವುದು ಸಾಮಾನ್ಯವಾಗಿ ಇಂಟೆಲ್‌ನ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್. ಎಎಂಡಿ ಆದರೆ ರೈಜನ್ 2000 ಸರಣಿಯಿಂದ ಮುಂದಿನದು. ಅದರಲ್ಲೂ 2200ಜಿ, 2400ಜಿ ಪಟ್ಟಿಯಲ್ಲಿಲ್ಲ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಇರಬೇಕು. ನಿಮ್ಮ ಪ್ರೊಸೆಸರ್ ಈ ಗೆರೆಯ ಆಚೆಗಿದ್ದರೂ ಮದರ್‌ಬೋರ್ಡ್ ಈಚೆಗೆ ಇರುವ ಸಾಧ್ಯತೆ ಇದೆ. 2017-18ರಲ್ಲಿ ಎಎಂಡಿ ಕಂಪ್ಯೂಟರ್ ಜೋಡಿಸಿಕೊಂಡವರಿಗಂತೂ ಈ ಸಾಧ್ಯತೆ ಜಾಸ್ತಿ.

ಆದ್ದರಿಂದ ಒಂದೇ ಉದಾಹರಣೆ ಹಿಡಿದು ಹೋಗೋಣ. 2017ರ ಕಂಪ್ಯೂಟರ್. ಬಿ350 ಮದರ್‌ಬೋರ್ಡ್, ಅದರಲ್ಲಿ ರೈಜನ್ 3 1200 ಪ್ರೊಸೆಸರ್. ಇದನ್ನು ತೆಗೆದು 2022ರಲ್ಲಿ ಬಂದ ರೈಜನ್ 5 5600 ಹಾಕಬಹುದೇ? ಅಥವಾ ಇರುವುದನ್ನೇ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ನಿಗದಿ ಮಾಡಿದ್ದಕ್ಕಿಂತ ಜೋರಾಗಿ ಓಡಿಸಿ, ಇನ್ನೊಂದಷ್ಟು ವರ್ಷ ತಳ್ಳಬಹುದೇ?

ಪಿನ್ ಕೂತರೆ ಸಾಲದು

ಪ್ರೊಸೆಸರ್ ಅಂದರೆ ಲೆಕ್ಕ ಮಾಡುವ ಚಿಪ್. ಮದರ್‌ಬೋರ್ಡ್ ಅಂದರೆ ಅದನ್ನು ಕೂರಿಸಿ, ಕರೆಂಟ್ ಕೊಟ್ಟು, ಮೆಮೊರಿ ಮತ್ತು ಡಿಸ್ಕ್ ಜೊತೆ ಮಾತಾಡಿಸುವ ದೊಡ್ಡ ಹಲಗೆ. ಚಿಪ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ.

ಗೀಸರ್‌ನ ದಪ್ಪ ಪಿನ್ನಿನ ಪ್ಲಗ್ ಮೊಬೈಲ್ ಚಾರ್ಜರ್ ಹಾಕುವ ಸಾಕೆಟ್ಟಿಗೆ ಹೋಗುವುದಿಲ್ಲ ಅಲ್ವಾ? ಇಲ್ಲೂ ಹಾಗೆಯೇ. ನಮ್ಮ ಉದಾಹರಣೆಯ ಬೋರ್ಡಿನ ಸಾಕೆಟ್ ಹೆಸರು ಎಎಂ4. ಅದರಲ್ಲಿ 1331 ತೂತುಗಳಿವೆ, ಪ್ರೊಸೆಸರ್ ಅಡಿಯಲ್ಲಿ ಅಷ್ಟೇ ಪಿನ್ನುಗಳಿವೆ. ರೈಜನ್ ಮೊದಲು ಬಂದ 2017ರಿಂದ ರೈಜನ್ 5000 ಸರಣಿಯವರೆಗೆ ಎಎಂಡಿ ಇದೇ ಸಾಕೆಟ್ ಇಟ್ಟುಕೊಂಡಿತು. 2022ರ ಸೆಪ್ಟೆಂಬರ್‌ನಲ್ಲಿ ಎಎಂ5 ಬಂತು. ಅಲ್ಲಿಂದ ಮುಂದಿನ ರೈಜನ್ 7000 ಸರಣಿಯ ಚಿಪ್‌ಗಳು ಹಳೆ ಬೋರ್ಡಿಗೆ ಕೂರುವುದೇ ಇಲ್ಲ.

ಆಕಾರ ಹೊಂದಿದ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದೂ ಅಲ್ಲ. ಇಂಟೆಲ್‌ನ 6, 7 ಮತ್ತು 8ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳ ಸಾಕೆಟ್ ಹೆಸರು ಒಂದೇ, ಎಲ್‌ಜಿಎ 1151. ಆದರೆ 6ನೇ ತಲೆಮಾರಿಗೆಂದು ಬಂದ ಝಡ್170 ಬೋರ್ಡಿಗೆ 8ನೇ ತಲೆಮಾರಿನ ಚಿಪ್ ಹಾಕಿದರೆ ಆನ್ ಆಗುವುದಿಲ್ಲ. ಅದಕ್ಕೆ ಇಂಟೆಲ್ 300 ಸರಣಿಯ ಬೋರ್ಡೇ ಬೇಕೆಂದಿತು. ಇದು ಗೊತ್ತಿಲ್ಲದೆ ಸೆಕೆಂಡ್ ಹ್ಯಾಂಡ್ ಚಿಪ್ ಕೊಂಡು ದುಡ್ಡು ಕಳಕೊಂಡವರಿದ್ದಾರೆ.

ಬಯೋಸ್ ಎಂಬ ಹಾಜರಿ ಪುಸ್ತಕ

ಬೋರ್ಡಿನ ಮೇಲೆ ಒಂದು ಪುಟ್ಟ ಮೆಮೊರಿ ಚಿಪ್ ಇರುತ್ತದೆ. ಪವರ್ ಬಟನ್ ಒತ್ತಿದ ತಕ್ಷಣ, ವಿಂಡೋಸ್‌ಗಿಂತ ಮುಂಚೆ ಓಡುವ ಸಣ್ಣ ಪ್ರೋಗ್ರಾಂ ಅದರಲ್ಲಿದೆ. ಅದೇ ಬಯೋಸ್. ಪ್ರೊಸೆಸರ್ ಯಾವುದು, ಅದಕ್ಕೆ ಎಷ್ಟು ವೋಲ್ಟೇಜ್ ಕೊಡಬೇಕು, ಮೆಮೊರಿಯನ್ನು ಹೇಗೆ ಎಬ್ಬಿಸಬೇಕು ಎಂಬುದೆಲ್ಲ ಅದಕ್ಕೆ ಗೊತ್ತಿರಬೇಕು.

ಹೊಸ ಹುಡುಗ ತರಗತಿಗೆ ಬಂದು ಬೆಂಚಿನ ಮೇಲೆ ಕೂತಿದ್ದಾನೆ ಎಂದುಕೊಳ್ಳಿ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲದಿದ್ದರೆ ಟೀಚರ್ ಅವನನ್ನು ಕರೆಯುವುದೇ ಇಲ್ಲ. 2017ರ ಬಯೋಸ್ ಇರುವ ಬೋರ್ಡಿಗೆ 2022ರ ಚಿಪ್ ಹಾಕಿದರೆ ಆಗುವುದು ಇದೇ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಚಿಪ್ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ. ಹೆಸರು ಸೇರಿಸಬೇಕು ಅಷ್ಟೆ. ಹೆಸರು ಸೇರಿಸುವ ಕೆಲಸವೇ ಬಯೋಸ್ ಅಪ್‌ಡೇಟ್.

ಎಎಂ4 ಬೋರ್ಡುಗಳಲ್ಲಿ ಈ ಪುಸ್ತಕದ ಹಾಳೆಗಳೇ ಮುಗಿದು ಹೋಗಿದ್ದವು. ಹಲವು ಹಳೆ ಬೋರ್ಡುಗಳ ಬಯೋಸ್ ಚಿಪ್ ಬರೀ 16 ಎಂಬಿ. ಐದು ವರ್ಷದ ಅಷ್ಟೂ ಪ್ರೊಸೆಸರ್‌ಗಳ ವಿವರ ಅದರಲ್ಲಿ ಹಿಡಿಸುವುದಿಲ್ಲ. 2020ರಲ್ಲಿ ರೈಜನ್ 5000 ಬರುವ ಮುಂಚೆ, ಹಳೆ ಬೋರ್ಡುಗಳಿಗೆ ಇದು ಸಿಗುವುದಿಲ್ಲ ಎಂದೇ ಎಎಂಡಿ ಹೇಳಿತ್ತು. ಬಳಕೆದಾರರು ಬಿಡದೆ ಕೇಳಿದ ಮೇಲೆ 400 ಸರಣಿಯ ಬೋರ್ಡುಗಳಿಗೆ ಒಪ್ಪಿತು. 2022ರಲ್ಲಿ 300 ಸರಣಿಗೂ ಬಾಗಿಲು ತೆರೆಯಿತು. ನಮ್ಮ ಬಿ350 ಇರುವುದು ಆ ಗುಂಪಿನಲ್ಲಿ. ಜಾಗ ಮಾಡಿಕೊಳ್ಳಲು ಹಲವು ಬೋರ್ಡ್ ಕಂಪನಿಗಳು ತೀರಾ ಹಳೆಯ ಚಿಪ್‌ಗಳ ಹೆಸರು ಅಳಿಸಿದವು, ಬಯೋಸ್ ಪರದೆಯ ಚಿತ್ರ ಅಲಂಕಾರಗಳನ್ನೂ ತೆಗೆದವು.

ಆದ್ದರಿಂದ ಚಿಪ್ ಕೊಳ್ಳುವ ಮುಂಚೆ ನೋಡಬೇಕಾದ್ದು ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿರುವ ಪ್ರೊಸೆಸರ್ ಪಟ್ಟಿಯನ್ನು. ನಿಮ್ಮ ಬೋರ್ಡಿನ ಪೂರ್ತಿ ಹೆಸರು ಹಾಕಿ ಹುಡುಕಿ. ಹೆಸರು ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ. ಕ್ಯಾಬಿನೆಟ್ ಬಿಚ್ಚಲು ಇಷ್ಟವಿಲ್ಲದಿದ್ದರೆ ಸಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂ ತೋರಿಸುತ್ತದೆ. ಒಂದೇ ಹೆಸರಿನ ಬೋರ್ಡಿಗೆ ಬೇರೆ ಬೇರೆ ರಿವಿಷನ್ ನಂಬರ್ ಇರಬಹುದು, ಅದನ್ನೂ ಗಮನಿಸಿ. ಪಟ್ಟಿಯಲ್ಲಿ ಚಿಪ್‌ನ ಹೆಸರಿನ ಎದುರಿಗೆ ಯಾವ ಬಯೋಸ್ ಆವೃತ್ತಿಯಿಂದ ನಡೆಯುತ್ತದೆ ಎಂದು ಬರೆದಿರುತ್ತದೆ. ಅಲ್ಲಿ ಹೆಸರಿಲ್ಲದಿದ್ದರೆ ಅಂಗಡಿಯವರು "ಏನಾಗಲ್ಲ ಸರ್, ನಡೆಯುತ್ತೆ" ಎಂದರೂ ತಗೋಬೇಡಿ.

ಪಂಪ್‌ಸೆಟ್ಟಿನ ಟಿ.ಸಿ. ನೆನಪಿಸಿಕೊಳ್ಳಿ

ಬೋರ್ಡ್ ಚಿಪ್ಪನ್ನು ಗುರುತಿಸಿತು. ಇನ್ನು ಅದಕ್ಕೆ ಊಟ ಹಾಕುವ ಶಕ್ತಿ ಇದೆಯೇ?

ಪವರ್ ಸಪ್ಲೈ ಬೋರ್ಡಿಗೆ ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದ್ದು 1.2, 1.3 ವೋಲ್ಟ್ ಅಷ್ಟೆ. ನಡುವೆ ಇಳಿಸಿ ಕೊಡುವ ಭಾಗಕ್ಕೆ ವಿಆರ್‌ಎಂ ಎಂದು ಹೆಸರು. ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ಸಾಲಾಗಿ ಕೂತಿರುವ ಚೌಕದ ಸುರುಳಿಗಳು ಮತ್ತು ಪುಟ್ಟ ಕಪ್ಪು ತುಂಡುಗಳೇ ಅದು. ಊರಿನ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಮಾಡುವ ಕೆಲಸವನ್ನೇ ಇದು ಬೋರ್ಡಿನೊಳಗೆ ಮಾಡುತ್ತದೆ. 11 ಸಾವಿರ ವೋಲ್ಟಿನ ಲೈನನ್ನು ಪಂಪ್‌ಸೆಟ್ಟಿಗೆ ಒಗ್ಗುವಂತೆ ಇಳಿಸುವುದು ಟಿ.ಸಿ. ಬೇಸಿಗೆಯಲ್ಲಿ ಅದು ತಾಳುವುದಕ್ಕಿಂತ ಹೆಚ್ಚು ಮೋಟರ್ ಒಟ್ಟಿಗೆ ಓಡಿದರೆ ಏನಾಗುತ್ತದೆ ಎಂದು ರೈತರಿಗೆ ಹೇಳಬೇಕಾಗಿಲ್ಲ.

ಲೆಕ್ಕ ನೋಡಿ. ರೈಜನ್ 5 5600ರ ಡಬ್ಬಿಯ ಮೇಲೆ 65 ವಾಟ್ ಎಂದಿದೆ. ಆದರೆ ಪೂರ್ತಿ ದುಡಿಯುವಾಗ ಅದು ಸಾಕೆಟ್ಟಿನಿಂದ 88 ವಾಟ್‌ವರೆಗೆ ಎಳೆಯಬಹುದು, ಎಎಂಡಿ ಇಟ್ಟ ಮಿತಿಯೇ ಅಷ್ಟು. ವೋಲ್ಟೇಜ್ 1.25 ಇದ್ದರೆ 88 ವಾಟಿಗೆ ಹರಿಯುವ ಕರೆಂಟ್ ಸುಮಾರು 70 ಆಂಪಿಯರ್. ಮನೆಯ ಗೀಸರ್ ಎಳೆಯುವುದೇ 10 ಆಂಪಿಯರ್ ಆಸುಪಾಸು. ವೋಲ್ಟೇಜ್ ಕಮ್ಮಿ ಇರುವುದರಿಂದ ಆಂಪಿಯರ್ ಇಷ್ಟು ಏರುತ್ತದೆ. 105 ವಾಟಿನ ಚಿಪ್‌ಗಳಾದ ರೈಜನ್ 7 5800ಎಕ್ಸ್, ರೈಜನ್ 9 5900ಎಕ್ಸ್‌ಗೆ ಈ ಮಿತಿ 142 ವಾಟ್. ಅಗ್ಗದ ಹಳೆ ಬೋರ್ಡಿನ ವಿಆರ್‌ಎಂ ಮೇಲೆ ಶಾಖ ಹೀರುವ ಲೋಹದ ಕವಚವೂ ಇರುವುದಿಲ್ಲ. ಅಂಥ ಬೋರ್ಡಿಗೆ 142 ವಾಟಿನ ಚಿಪ್ ಹಾಕಿದರೆ ವಿಆರ್‌ಎಂ ಬಿಸಿಯಾಗಿ, ತನ್ನನ್ನು ಕಾಪಾಡಿಕೊಳ್ಳಲು ಪ್ರೊಸೆಸರ್ ವೇಗವನ್ನೇ ಇಳಿಸುತ್ತದೆ. ದುಬಾರಿ ಚಿಪ್ ಕೊಂಡು ನಿಧಾನದ ಕೆಲಸ ಮಾಡಿಸಿದಂತೆ. ಹಳೆಯ ಸಾಧಾರಣ ಬೋರ್ಡಿಗೆ 65 ವಾಟಿನ ಚಿಪ್ಪೇ ಸರಿ ಎನ್ನುವುದು ಇದೇ ಕಾರಣಕ್ಕೆ.

ಗಿಗಾಹರ್ಟ್ಸ್ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ

ರೈಜನ್ 3 1200ರ ವೇಗ 3.1 ಗಿಗಾಹರ್ಟ್ಸ್, ಅಗತ್ಯ ಬಿದ್ದಾಗ 3.4. ರೈಜನ್ 5 5600ರದ್ದು 3.5, ಏರಿದರೆ 4.4. ನೋಡಿದರೆ ಅಷ್ಟೇನೂ ದೊಡ್ಡ ಅಂತರವಲ್ಲ. ಆದರೆ ಕೆಲಸಕ್ಕೆ ಕೂತಾಗ ಅಂತರ ತುಂಬಾ ದೊಡ್ಡದು.

ದೋಸೆ ಹೋಟೆಲಿನ ಅಡುಗೆಮನೆಗೆ ಹೋಗೋಣ. ಭಟ್ಟರ ಕೈ ಎಷ್ಟು ಚುರುಕು ಎಂಬುದು ಗಿಗಾಹರ್ಟ್ಸ್. ಎಷ್ಟು ಕಾವಲಿಗಳಿವೆ ಎಂಬುದು ಕೋರ್. ಒಂದು ಕಾವಲಿಯ ಮೇಲೆ ಒಮ್ಮೆಗೆ ಎಷ್ಟು ದೋಸೆ ಹುಯ್ಯಬಹುದು ಎಂಬುದು ಚಿಪ್‌ನ ಒಳವಿನ್ಯಾಸ. ಹಿಟ್ಟಿನ ಪಾತ್ರೆ ಕೈಗೆಟಕುವಲ್ಲೇ ಇದೆಯೋ, ಪ್ರತಿ ಸಲ ಉಗ್ರಾಣಕ್ಕೆ ಓಡಬೇಕೋ ಎಂಬುದು ಕ್ಯಾಶ್, ಅಂದರೆ ಚಿಪ್ಪಿನೊಳಗೇ ಇರುವ ಚಿಕ್ಕ ಮೆಮೊರಿ.

1200ರಲ್ಲಿ 4 ಕೋರ್. 5600ರಲ್ಲಿ 6 ಕೋರ್, ಅದೂ ಒಂದೊಂದು ಕೋರ್ ಎರಡೆರಡು ಕೆಲಸದ ಸಾಲು ಹಿಡಿದು ಒಟ್ಟು 12. ದೊಡ್ಡ ಕ್ಯಾಶ್ 8 ಎಂಬಿಯಿಂದ 32 ಎಂಬಿಗೆ ಏರಿದೆ. ಒಳವಿನ್ಯಾಸ ಮೂರು ಸಲ ಸುಧಾರಿಸಿದೆ. ಆದ್ದರಿಂದ ಎರಡನ್ನೂ ಒಂದೇ ಗಿಗಾಹರ್ಟ್ಸ್‌ನಲ್ಲಿ ಓಡಿಸಿದರೂ 5600 ಮುಂದೆ ಇರುತ್ತದೆ. ಓವರ್‌ಕ್ಲಾಕಿಂಗ್ ಮಾಡುವುದು ಭಟ್ಟರ ಕೈಯನ್ನಷ್ಟೇ ಚುರುಕು ಮಾಡುವ ಕೆಲಸ. ಕಾವಲಿ, ಹಿಟ್ಟಿನ ಪಾತ್ರೆ ಹಳೆಯವೇ.

ಇಲ್ಲೊಂದು ಎಚ್ಚರಿಕೆ. ರೈಜನ್ 5 5600ರಲ್ಲಿ ಚಿತ್ರ ತೋರಿಸುವ ಗ್ರಾಫಿಕ್ಸ್ ಭಾಗ ಇಲ್ಲ. 1200ರಲ್ಲೂ ಇರಲಿಲ್ಲ, ಹಾಗಾಗಿ ನಮ್ಮ ಉದಾಹರಣೆಯ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದೇ ಇದೆ. ಆದರೆ ನಿಮ್ಮಲ್ಲಿ ಈಗ 2200ಜಿಯಂಥ ಚಿಪ್ ಇದ್ದು, ಮಾನಿಟರ್ ಕೇಬಲ್ ನೇರ ಬೋರ್ಡಿಗೇ ಹಾಕಿದ್ದರೆ ಹೆಸರಿನ ಕೊನೆಗೆ ಜಿ ಇರುವ 5600ಜಿ ನೋಡಬೇಕು. ಅದರ ಕ್ಯಾಶ್ 16 ಎಂಬಿ, ಅಂದರೆ ಅರ್ಧ.

ಚಿಪ್ ಬದಲಿಸುವ ದಿನ

ಕ್ರಮ ಮುಖ್ಯ. ಹಳೆ ಚಿಪ್ ಇನ್ನೂ ಕೂತಿರುವಾಗಲೇ ಬಯೋಸ್ ಅಪ್‌ಡೇಟ್ ಆಗಬೇಕು. ಹೊಸದು ಹಾಕಿದ ಮೇಲೆ ಪರದೆಯೇ ಬರುವುದಿಲ್ಲ, ಅಪ್‌ಡೇಟ್ ಎಲ್ಲಿಂದ ಮಾಡುತ್ತೀರಿ?

ಮೊದಲು ಬೇಕಾದ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಅದು ಡಿಸ್ಕಿಗೆ ಹಾಕುವ ಬೀಗ. ಎಎಂ4 ಕಂಪ್ಯೂಟರುಗಳಲ್ಲಿ ಟಿಪಿಎಂ ಸಾಮಾನ್ಯವಾಗಿ ಪ್ರೊಸೆಸರ್‌ ಒಳಗೇ ಇರುತ್ತದೆ. ಚಿಪ್ ಬದಲಾದರೆ ಬೀಗದ ಕೈಯೂ ಹೋದಂತೆ. ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀಯ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದುವರಿಯಿರಿ. ಈ ಒಂದು ಹೆಜ್ಜೆ ಬಿಟ್ಟು ಮನೆಯ ಫೋಟೋಗಳನ್ನೆಲ್ಲ ಕಳಕೊಂಡರೆ ಯಾರೂ ವಾಪಸ್ ತಂದುಕೊಡಲಾರರು.

ಬಯೋಸ್ ಫೈಲನ್ನು ಬೋರ್ಡ್ ಕಂಪನಿಯ ವೆಬ್‌ಸೈಟಿನಿಂದ ಮಾತ್ರ ಇಳಿಸಿಕೊಳ್ಳಿ. ಫ್ಯಾಟ್32 ಎಂದು ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ಬಯೋಸ್ ಒಳಗಿನ ಅಪ್‌ಡೇಟ್ ಆಯ್ಕೆಯಿಂದ ಓಡಿಸಿ. ಕೆಲವು ಬೋರ್ಡುಗಳು ನೇರ ಕೊನೆಯ ಆವೃತ್ತಿಗೆ ಹಾರಲು ಬಿಡುವುದಿಲ್ಲ, ನಡುವಿನ ಒಂದು ಆವೃತ್ತಿ ಹಾಕಿಯೇ ಹೋಗಬೇಕು. ಫೈಲಿನ ಪಕ್ಕದಲ್ಲೇ ಅದನ್ನು ಬರೆದಿರುತ್ತಾರೆ. ಕೆಲಸ ಕೆಲವೇ ನಿಮಿಷದ್ದು, ಆದರೆ ಆ ನಿಮಿಷಗಳಲ್ಲಿ ಕರೆಂಟ್ ಹೋದರೆ ಬೋರ್ಡ್ ಏಳದೇ ಇರಬಹುದು. ಯುಪಿಎಸ್ ಇಲ್ಲದೆ, ಮಳೆಗಾಳಿಯ ಸಂಜೆ ಇದಕ್ಕೆ ಕೈ ಹಾಕಬೇಡಿ.

ಅಪ್‌ಡೇಟ್ ಆಗಿ, ಹಳೆ ಚಿಪ್ಪಿನಲ್ಲೇ ಕಂಪ್ಯೂಟರ್ ಮತ್ತೆ ಆನ್ ಆದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಚಿಪ್ಪಿನ ಮೇಲೆ ಕೂತು ಅದನ್ನು ತಂಪಾಗಿಡುವ ಕೂಲರ್ ತೆಗೆಯುವುದು. ಇಲ್ಲಿ ನನ್ನ ಅನುಭವ ಹೇಳಲೇಬೇಕು. ಮೊದಲ ಸಲ ಎಎಂ4 ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆದೆ. ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚಿದ್ದ ಥರ್ಮಲ್ ಪೇಸ್ಟ್ ವರ್ಷಗಟ್ಟಲೆ ಒಣಗಿ ಗೋಂದಿನಂತಾಗಿತ್ತು. ಚಿಪ್ಪನ್ನು ಸಾಕೆಟ್ಟಿನಲ್ಲಿ ಹಿಡಿದಿಡುವ ಲಿವರ್ ಹಾಕಿದ್ದರೂ ಚಿಪ್ ಸಾಕೆಟ್ಟಿನಿಂದ ಕಿತ್ತು ಕೂಲರ್ ಜೊತೆಗೇ ಬಂತು. ನಾಲ್ಕು ಪಿನ್ನುಗಳು ಬಾಗಿದ್ದವು. ಪೆನ್ ಪೆನ್ಸಿಲಿನ ಕಡ್ಡಿ ತೆಗೆದು, ಅದರ ಮೂತಿಯಲ್ಲಿ ಒಂದೊಂದೇ ಪಿನ್ ಹಿಡಿದು ನೆಟ್ಟಗೆ ಮಾಡಲು ಒಂದು ಸಂಜೆ ಹಿಡಿಯಿತು. ಒಂದು ಪಿನ್ ಮುರಿದಿದ್ದರೂ ಚಿಪ್ ಹೋಗುತ್ತಿತ್ತೇನೋ. ಆಮೇಲಿಂದ ನಾನು ಮಾಡುವುದು ಹೀಗೆ: ಮೊದಲು ಹತ್ತು ಹದಿನೈದು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬಿಸಿ ಮಾಡುತ್ತೇನೆ. ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತೇನೆ. ಅದು ಜಾರಲು ಶುರುವಾದ ಮೇಲೆಯೇ ಮೇಲೆತ್ತುವುದು.

ಹೊಸ ಚಿಪ್ಪಿನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನ ಇದೆ, ಸಾಕೆಟ್ಟಿನಲ್ಲೂ ಇದೆ. ಎರಡೂ ಒಂದೇ ಮೂಲೆಗೆ ಬರುವಂತೆ ಇಟ್ಟರೆ ಚಿಪ್ ತನ್ನ ಭಾರಕ್ಕೆ ತಾನೇ ಕೂರುತ್ತದೆ. ಬೆರಳಿನಿಂದ ಒತ್ತಬೇಕಾಗಿ ಬಂದರೆ ಎಲ್ಲೋ ತಪ್ಪಿದೆ ಎಂದರ್ಥ. ಕೂಲರಿನ ತಳಕ್ಕೆ ಹತ್ತಿದ ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಚಿಪ್ಪಿನ ನಡುವೆ ಇಟ್ಟರೆ ಸಾಕು. ಸ್ಕ್ರೂಗಳನ್ನು ಎದುರು ಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಮೊದಲ ಸಲ ಆನ್ ಮಾಡಿದಾಗ ಪರದೆ ಒಂದೆರಡು ನಿಮಿಷ ಕಪ್ಪಗಿರಬಹುದು, ತಾನೇ ರೀಸ್ಟಾರ್ಟ್ ಆಗಬಹುದು. ಬೋರ್ಡ್ ಮೆಮೊರಿಯನ್ನು ಅಳೆದು ನೋಡುತ್ತಿರುತ್ತದೆ. ಆಮೇಲೆ ಹೊಸ ಪ್ರೊಸೆಸರ್ ಬಂದಿದೆ, ಟಿಪಿಎಂ ಅಳಿಸಲೇ ಎಂದು ಕೇಳಬಹುದು. ಬಿಟ್‌ಲಾಕರ್ ನಿಲ್ಲಿಸಿದ್ದರೆ, ರಿಕವರಿ ಕೀ ಕೈಯಲ್ಲಿದ್ದರೆ ವೈ ಒತ್ತಿ.

ವಿಂಡೋಸ್ 11ಕ್ಕೆ ಇನ್ನೂ ಒಂದು ಅಡ್ಡಿ ಸಿಗಬಹುದು. ಹಳೆ ಕಂಪ್ಯೂಟರುಗಳಲ್ಲಿ ಎಷ್ಟೋ ಸಲ ಡಿಸ್ಕ್ ಎಂಬಿಆರ್ ಎಂಬ ಹಳೆ ಪದ್ಧತಿಯಲ್ಲಿರುತ್ತದೆ. ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನ ಅದನ್ನು ಫೈಲುಗಳನ್ನು ಅಳಿಸದೆ ಹೊಸ ಪದ್ಧತಿಗೆ ತರುತ್ತದೆ. ಅದಾದ ಮೇಲೆಯೇ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆ ರೀತಿಯಲ್ಲಿ ಕಂಪ್ಯೂಟರ್ ಎಬ್ಬಿಸುವ ಆಯ್ಕೆ) ಆಫ್ ಮಾಡಿ, ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕೆಯ ಪ್ರೋಗ್ರಾಂ ಮಾತ್ರ ಓಡಲು ಬಿಡುವ ಆಯ್ಕೆ) ಮತ್ತು ಟಿಪಿಎಂ ಆನ್ ಮಾಡಬೇಕು.

ಓವರ್‌ಕ್ಲಾಕಿಂಗ್ ಅಂದರೆ ಒಂದು ಗುಣಾಕಾರ

ಈಗ ಇನ್ನೊಂದು ದಾರಿ. ಚಿಪ್ ಬದಲಿಸಲು ಸದ್ಯಕ್ಕೆ ದುಡ್ಡಿಲ್ಲ, ಇರುವುದನ್ನೇ ಜೋರಾಗಿ ಓಡಿಸಬೇಕು.

ಬೋರ್ಡ್ ಒಂದು ತಾಳ ಹಾಕುತ್ತಿರುತ್ತದೆ. ಈಗಿನ ಬೋರ್ಡುಗಳಲ್ಲಿ ಅದು ಸೆಕೆಂಡಿಗೆ 10 ಕೋಟಿ ಸಲ, ಅಂದರೆ 100 ಮೆಗಾಹರ್ಟ್ಸ್. ಪ್ರೊಸೆಸರ್ ಒಳಗೆ ಅದನ್ನು ಒಂದು ಸಂಖ್ಯೆಯಿಂದ ಗುಣಿಸಿಕೊಳ್ಳುತ್ತದೆ. 100 ಗುಣಿಸು 31 ಎಂದರೆ 3100 ಮೆಗಾಹರ್ಟ್ಸ್, ಅದೇ ನಮ್ಮ 3.1 ಗಿಗಾಹರ್ಟ್ಸ್. ಗುಣಿಸುವ ಸಂಖ್ಯೆಯನ್ನು 36 ಮಾಡಿದರೆ 3.6.

ಹಿಂದೆ ಗುಣಿಸುವ ಸಂಖ್ಯೆಗೆ ಬೀಗ ಹಾಕಿರುತ್ತಿದ್ದರು, ತಾಳವನ್ನೇ ಏರಿಸಬೇಕಿತ್ತು. 1998ರ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಹೆಸರುವಾಸಿ. 66 ಮೆಗಾಹರ್ಟ್ಸ್ ತಾಳ, ಗುಣಾಕಾರ 4.5, ವೇಗ 300 ಮೆಗಾಹರ್ಟ್ಸ್. ಜನ ತಾಳವನ್ನು 100ಕ್ಕೆ ಏರಿಸಿದರು, ಚಿಪ್ 450ರಲ್ಲಿ ಓಡಿತು. ಅಗ್ಗದ ಚಿಪ್ ದುಬಾರಿ ಚಿಪ್ಪಿನ ಸಮಕ್ಕೆ ನಿಂತಿತು. ಓವರ್‌ಕ್ಲಾಕಿಂಗ್ ಮನೆಮಾತಾಗಲು ಆ ಚಿಪ್ಪಿನ ಪಾಲು ದೊಡ್ಡದು.

ರೈಜನ್ ಚಿಪ್‌ಗಳಲ್ಲಿ ಬಹುತೇಕ ಎಲ್ಲಕ್ಕೂ ಈ ಬೀಗ ತೆಗೆದಿದೆ. ಆದರೆ ಬೋರ್ಡೂ ಒಪ್ಪಬೇಕು. ಬಿ350, ಎಕ್ಸ್370, ಬಿ450 ಒಪ್ಪುತ್ತವೆ. ಎ320, ಎ520 ಒಪ್ಪುವುದಿಲ್ಲ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ ಕೆ ಇರುವ ಚಿಪ್, ಝಡ್‌ನಿಂದ ಶುರುವಾಗುವ ಬೋರ್ಡ್ ಎರಡೂ ಬೇಕು. ನಮ್ಮಲ್ಲಿ ಅಂಗಡಿ, ಆಫೀಸುಗಳಲ್ಲಿ ಇನ್ನೂ ಕಾಣಸಿಗುವ ಎಚ್61 ಬೋರ್ಡಿನಲ್ಲಿ ಇದಕ್ಕೆ ಅವಕಾಶವೇ ಇಲ್ಲ.

ಸ್ವಲ್ಪ ವೇಗಕ್ಕೆ ಜಾಸ್ತಿ ಬಿಸಿ ಯಾಕೆ?

ತಾಳ ಜೋರಾದಾಗ ಚಿಪ್ಪಿನೊಳಗಿನ ಕೋಟ್ಯಂತರ ಸ್ವಿಚ್ಚುಗಳು ಇನ್ನೂ ಬೇಗ ಆನ್-ಆಫ್ ಆಗಬೇಕು. ಬೇಗ ಆಗಲು ಹೆಚ್ಚು ವೋಲ್ಟೇಜ್ ಬೇಕು. ಇಲ್ಲೇ ಸಮಸ್ಯೆ ಇರುವುದು. ವೇಗ ಏರಿದಷ್ಟೇ ಪ್ರಮಾಣದಲ್ಲಿ ವಿದ್ಯುತ್ ಖರ್ಚೂ ಏರುತ್ತದೆ. ಆದರೆ ವೋಲ್ಟೇಜ್ ಏರಿದಾಗ ಅದರ ವರ್ಗದಷ್ಟು, ಅಂದರೆ ಆ ಏರಿಕೆಯನ್ನು ಅದರಿಂದಲೇ ಗುಣಿಸಿದಷ್ಟು ಖರ್ಚು ಏರುತ್ತದೆ.

ರೈಜನ್ 3 1200 ಅನ್ನು 3.1ರಿಂದ 3.8 ಗಿಗಾಹರ್ಟ್ಸ್‌ಗೆ ಏರಿಸಿದಿರಿ, ವೋಲ್ಟೇಜ್ 1.2 ಇದ್ದದ್ದು 1.35 ಆಯಿತು ಎಂದಿಟ್ಟುಕೊಳ್ಳಿ. ವೇಗ ಸುಮಾರು 1.23 ಪಟ್ಟು. ವೋಲ್ಟೇಜ್ 1.125 ಪಟ್ಟು, ಅದನ್ನು ಅದರಿಂದಲೇ ಗುಣಿಸಿದರೆ ಸುಮಾರು 1.27. ಎರಡೂ ಸೇರಿ ಸುಮಾರು 1.55. ಅಂದರೆ ನೂರಕ್ಕೆ ಸುಮಾರು 23ರಷ್ಟು ವೇಗ ಸಿಕ್ಕಿತು, ಅದಕ್ಕೆ ನೂರಕ್ಕೆ 55ರಷ್ಟು ಹೆಚ್ಚು ವಿದ್ಯುತ್ ಸುಟ್ಟಿತು. ಸುಟ್ಟದ್ದೆಲ್ಲ ಬಿಸಿಯಾಗಿ ಹೊರಗೆ ಬರಬೇಕು. ವಿಆರ್‌ಎಂ ಮೇಲಿನ ಹೊರೆಯೂ ಅಷ್ಟೇ ಏರಿತು.

ಕೂಲರ್ ಮಾಡುವುದು ಚಿಪ್ಪಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವ ಕೆಲಸ. ಆದ್ದರಿಂದ ಕೋಣೆ ಎಷ್ಟು ಬಿಸಿಯೋ ಅದರ ಮೇಲೇ ಎಲ್ಲ ಲೆಕ್ಕ. ಡಿಸೆಂಬರಿನ ಬೆಂಗಳೂರಿನಲ್ಲಿ 25 ಡಿಗ್ರಿಯ ಕೋಣೆಯಲ್ಲಿ 72 ಡಿಗ್ರಿ ತೋರಿಸುವ ಚಿಪ್, ಮೇ ತಿಂಗಳ ಕಲಬುರಗಿಯ 40 ಡಿಗ್ರಿಯ ಕೋಣೆಯಲ್ಲಿ 87ರ ಹತ್ತಿರ ಹೋಗುತ್ತದೆ. ತಂಪು ದೇಶದವರು ವಿಡಿಯೋದಲ್ಲಿ ಹೇಳುವ ಸೆಟ್ಟಿಂಗನ್ನು ಹಾಗೇ ಇಲ್ಲಿಗೆ ತರಬಾರದು. ನಿಮ್ಮ ಊರಿನ ಬೇಸಿಗೆ ಮಧ್ಯಾಹ್ನಕ್ಕೆ ತಡೆಯುವಂತೆ ಇಡಿ.

ಮಾಡುವುದಾದರೆ ಹೇಗೆ?

ಮೊದಲು ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಿ. ವೇಗ ಅಳೆಯುವ ಸಿನಿಬೆಂಚ್ ಎಂಬ ಪ್ರೋಗ್ರಾಂ ಓಡಿಸಿ ಅಂಕ ನೋಡಿ, ಎಚ್‌ಡಬ್ಲ್ಯೂಇನ್ಫೋ ಎಂಬ ಪ್ರೋಗ್ರಾಂನಲ್ಲಿ ಬಿಸಿ ನೋಡಿ. ಹಳೆ ಕಂಪ್ಯೂಟರಿನಲ್ಲಿ ಧೂಳು ಒರೆಸಿ ಪೇಸ್ಟ್ ಬದಲಿಸಿದ್ದಕ್ಕೇ ಬಿಸಿ ಎಷ್ಟೋ ಇಳಿಯುತ್ತದೆ. ಆ ಕೆಲಸ ಮಾಡದೆ ಮುಂದೆ ಹೋಗಬೇಡಿ.

ಆಮೇಲೆ ಬಯೋಸ್‌ನಲ್ಲಿ ಗುಣಿಸುವ ಸಂಖ್ಯೆಯನ್ನು 34 ಮಾಡಿ. ವಿಂಡೋಸ್ ಆನ್ ಆಯಿತೇ? ಓಸಿಸಿಟಿ ಅಥವಾ ಪ್ರೈಮ್95 ಎಂಬ ಪರೀಕ್ಷೆಯನ್ನು ಅರ್ಧ ಗಂಟೆ ಓಡಿಸಿ. ತೊಂದರೆ ಇಲ್ಲವೆಂದರೆ 35, ಮತ್ತೆ ಪರೀಕ್ಷೆ. ಎಲ್ಲೋ ಒಂದು ಕಡೆ ನೀಲಿ ಪರದೆ ಬರುತ್ತದೆ ಅಥವಾ ಪರೀಕ್ಷೆ ತಪ್ಪು ಲೆಕ್ಕ ತೋರಿಸುತ್ತದೆ. ಆವಾಗ ವೋಲ್ಟೇಜನ್ನು 0.025ರಷ್ಟು ಮಾತ್ರ ಏರಿಸಿ. ಮೊದಲ ತಲೆಮಾರಿನ ರೈಜನ್‌ಗೆ ದಿನಬಳಕೆಗೆ 1.35 ವೋಲ್ಟ್ ದಾಟುವುದು ಬೇಡ ಎಂಬುದು ನನ್ನ ಸಲಹೆ. ಪರೀಕ್ಷೆಯ ವೇಳೆ 80 ಡಿಗ್ರಿ ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ. ಈ ತಲೆಮಾರಿನ ಚಿಪ್‌ಗಳು ಸಾಮಾನ್ಯವಾಗಿ 4 ಗಿಗಾಹರ್ಟ್ಸ್ ಹತ್ತಿರ ಬಂದಾಗ ಹಟ ಹಿಡಿದು ನಿಲ್ಲುತ್ತವೆ. ಎಷ್ಟೇ ವೋಲ್ಟೇಜ್ ಕೊಟ್ಟರೂ ಬಿಸಿ ಏರುತ್ತದೆ, ವೇಗ ಏರುವುದಿಲ್ಲ. ಒಂದೇ ಹೆಸರಿನ ಎರಡು ಚಿಪ್‌ಗಳಲ್ಲಿ ಒಂದು 3.9 ಓಡಬಹುದು, ಇನ್ನೊಂದು 3.7ಕ್ಕೇ ನಿಲ್ಲಬಹುದು. ತಯಾರಾಗುವಾಗಲೇ ಅವುಗಳಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಗೊತ್ತೇ ಆಗದ ತಪ್ಪು. ಕಂಪ್ಯೂಟರ್ ಓಡುತ್ತಿರುತ್ತದೆ, ಎಲ್ಲೋ ಒಂದು ಲೆಕ್ಕ ತಪ್ಪಾಗಿ ಒಂದು ಫೈಲ್ ಸದ್ದಿಲ್ಲದೆ ಹಾಳಾಗುತ್ತದೆ. ಹಾಗಾಗಿ ಕೊನೆಯಲ್ಲಿ ಸಿಕ್ಕ ಸೆಟ್ಟಿಂಗನ್ನು ಕೆಲವು ಗಂಟೆ ಪರೀಕ್ಷೆ ಮಾಡಲೇಬೇಕು. ಆಡಿಟರ್ ಕಚೇರಿಯ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಇರುವ ಕಂಪ್ಯೂಟರಿನಲ್ಲಿ ಇದನ್ನು ಮಾಡುವುದೇ ಬೇಡ.

ಕಂಪ್ಯೂಟರ್ ಆನ್ ಆಗದೇ ಹೋದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಬಯೋಸ್ ತನ್ನ ಮೂಲ ಸೆಟ್ಟಿಂಗಿಗೆ ಮರಳುತ್ತದೆ. ಓವರ್‌ಕ್ಲಾಕ್ ಮಾಡಿ ಚಿಪ್ ಕೆಟ್ಟರೆ ಮಾತ್ರ ಕಂಪನಿಯ ವಾರಂಟಿ ಸಿಗುವುದಿಲ್ಲ.

ಹೊಸ ಚಿಪ್ಪನ್ನೂ ಓವರ್‌ಕ್ಲಾಕ್ ಮಾಡಬೇಕೆ?

5600ಕ್ಕೆ ಇದರ ಅಗತ್ಯ ತುಂಬಾ ಕಮ್ಮಿ. ಅದು ಪ್ರತಿ ಕ್ಷಣ ತನ್ನ ಬಿಸಿ, ಕರೆಂಟ್ ನೋಡಿಕೊಂಡು ತಾನೇ 4.4ವರೆಗೆ ಏರುತ್ತದೆ, ತಾನೇ ಇಳಿಯುತ್ತದೆ. 1998ರಲ್ಲಿ ಜನ ಕೈಯಾರೆ ಮಾಡುತ್ತಿದ್ದ ಕೆಲಸವನ್ನು ಈಗ ಚಿಪ್ಪೇ ಮಾಡುತ್ತಿದೆ. ನೀವು ಎಲ್ಲ ಕೋರ್‌ಗಳಿಗೂ ಒಂದೇ ವೇಗ ಕಟ್ಟಿಹಾಕಿದರೆ ಲಾಭಕ್ಕಿಂತ ಬಿಸಿಯೇ ಜಾಸ್ತಿ. ಇಂಥ ಚಿಪ್ಪಿಗೆ ಚೆನ್ನಾಗಿರುವುದು ತದ್ವಿರುದ್ಧ ದಾರಿ: ವೋಲ್ಟೇಜ್ ಸ್ವಲ್ಪ ಇಳಿಸುವುದು. ಬಿಸಿ ಇಳಿದಷ್ಟೂ ಚಿಪ್ ಮೇಲಿನ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಳೆ ಬೋರ್ಡಿನ ವಿಆರ್‌ಎಂಗೂ ಹೊರೆ ಇಳಿಯುತ್ತದೆ.

ರೈಜನ್‌ನಲ್ಲಿ ಬಹಳ ಜನ ಮರೆಯುವುದು ಮೆಮೊರಿ ವೇಗವನ್ನು. ಕೊಂಡದ್ದು 3200ರ ಮೆಮೊರಿ ಆದರೂ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬ ಆಯ್ಕೆ ಆನ್ ಮಾಡದಿದ್ದರೆ ಅದು 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಒಂದೇ ಮೆಮೊರಿ ಕಡ್ಡಿ ಇದ್ದರೆ ಇನ್ನೊಂದು ಅಂಥದ್ದೇ ಹಾಕಿ. ಕಾಸಿಗೆ ಸಿಗುವ ಲಾಭದಲ್ಲಿ ಇದು ಓವರ್‌ಕ್ಲಾಕಿಂಗಿಗಿಂತ ಮೇಲು.

ಯಾರಿಗೆ ಈ ದಾರಿ ಅಲ್ಲ

ಎಚ್61ನಂಥ ಬೋರ್ಡ್ ಇರುವವರು 2ನೇ ತಲೆಮಾರಿನ ಐ3 ತೆಗೆದು 3ನೇ ತಲೆಮಾರಿನ ಐ5 ಅಥವಾ ಐ7 3770 ಹಾಕಬಹುದು. ಬಯೋಸ್ ಪಟ್ಟಿಯಲ್ಲಿದ್ದರೆ ವೇಗ ಚೆನ್ನಾಗಿ ಏರುತ್ತದೆ. ಆದರೆ ವಿಂಡೋಸ್ 11ರ ಪಟ್ಟಿಗೆ ಅದು ಬರುವುದಿಲ್ಲ. ಅಂಥ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡರೆ ಟೈಪಿಂಗ್, ಇಂಟರ್‌ನೆಟ್ ಕೆಲಸಕ್ಕೆ ಏನೂ ಕೊರತೆ ಇಲ್ಲ. ಇನ್ನೂ ತಿರುಗುವ ಹಾರ್ಡ್ ಡಿಸ್ಕಿನಿಂದಲೇ ವಿಂಡೋಸ್ ಓಡಿಸುತ್ತಿರುವವರು ಪ್ರೊಸೆಸರ್ ವಿಚಾರ ಬದಿಗಿಟ್ಟು ಮೊದಲು ತಿರುಗುವ ಭಾಗವೇ ಇಲ್ಲದ, ಬೇಗ ಓದುವ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿ. ಆನ್ ಆಗಲು ಕಾಯುವ ಬೇಸರಕ್ಕೆ ಮದ್ದು ಅದೇ.

ಸೆಕೆಂಡ್ ಹ್ಯಾಂಡ್ ಚಿಪ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು ಟಾರ್ಚ್ ಇಟ್ಟುಕೊಂಡು ಹೋಗಿ. ಎಎಂ4 ಚಿಪ್ ತಿರುಗಿಸಿ, ಪಿನ್ನುಗಳ ಸಾಲಿನ ಮೇಲೆ ಬದಿಯಿಂದ ಬೆಳಕು ಬಿಟ್ಟು ನೋಡಿ. ನೆಟ್ಟ ಪೈರಿನ ಸಾಲಿನ ಹಾಗೆ ನೇರ ಕಾಣಬೇಕು. ಒಂದು ಬಾಗಿದ್ದರೂ ಗೊತ್ತಾಗುತ್ತದೆ. ಅಂಗಡಿಯಲ್ಲೇ ಬೋರ್ಡಿಗೆ ಹಾಕಿ ಆನ್ ಮಾಡಿ ತೋರಿಸಲು ಕೇಳಿ.

ಮತ್ತೆ, ಹೊಸದು ಹಾಕಿದ ವಾರವೇ ಹಳೆ 1200 ಅನ್ನು ಮಾರಿಬಿಡಬೇಡಿ. ಬಯೋಸ್‌ಗೆ ಇನ್ನೊಂದು ಅಪ್‌ಡೇಟ್ ಬೇಕಾಗಬಹುದು, ಅಥವಾ ತೊಂದರೆ ಇರುವುದು ಹೊಸ ಚಿಪ್ಪಿನಲ್ಲೋ ಬೋರ್ಡಿನಲ್ಲೋ ಎಂದು ಪತ್ತೆ ಮಾಡಬೇಕಾಗಬಹುದು. ಹೊಸ ಬಯೋಸ್‌ನಲ್ಲೂ ಹಳೆ ಚಿಪ್ ಓಡುತ್ತದೆ ಎಂದು ನೀವು ಆಗಲೇ ನೋಡಿರುತ್ತೀರಿ. ಹೊಸ ಚಿಪ್ ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಹಳೆಯದನ್ನು ಪಿನ್ ಬಾಗದಂತೆ ಮಲಗಿಸಿ, ಒಂದೆರಡು ತಿಂಗಳು ಬೀರುವಿನಲ್ಲಿಡಿ.